ಮೇಲಿನ ಮಹಡಿ, ಎರಡು ವರ್ಷದ ಮಗು, ವಯಸ್ಸಾದ ಮಾವ: ಬೇಸಿಗೆಗೆ ಮನೆಯಲ್ಲಿ ಮೊದಲು ಏನು ಮಾಡಲಿ?

ಪಡುವಣ ಕಿಟಕಿ:

ಎಲ್ಲರಿಗೂ ನಮಸ್ಕಾರ. ಚಳಿಗಾಲದಲ್ಲಿ ನಮ್ಮದೇ ಅಂತ ಒಂದು ಮನೆಗೆ ಬಂದೆವು. ಇಲ್ಲಿ ಇದು ನಮಗೆ ಮೊದಲ ಬೇಸಿಗೆ. ಮನೆ ಎರಡನೇ ಮಹಡಿಯಲ್ಲಿದೆ, ಮೇಲೆ ನೇರ ತಾರಸಿ. ಮಲಗುವ ಕೋಣೆಯ ದೊಡ್ಡ ಕಿಟಕಿ ಪಡುವಣಕ್ಕಿದೆ. ಮಧ್ಯಾಹ್ನ ಮೂರು ದಾಟಿದರೆ ಆ ಕೋಣೆಯಲ್ಲಿ ಕೂರೋಕೆ ಆಗುವುದಿಲ್ಲ. ರಾತ್ರಿ ಹತ್ತಕ್ಕೆ ಹೊರಗೆ ಗಾಳಿ ತಣ್ಣಗಿರುತ್ತದೆ, ಒಳಗೆ ಮಾತ್ರ ಗೋಡೆ ಮುಟ್ಟಿದರೆ ಇನ್ನೂ ಬೆಚ್ಚಗೆ.

ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ, ಸಿಕ್ಕಿದ್ದನ್ನೆಲ್ಲ ಹತ್ತುತ್ತಾಳೆ. ಮಾವನವರಿಗೆ 74. ಬಿಪಿ ಮಾತ್ರೆ ತಗೊಳ್ತಾರೆ. ನೀರು ಕುಡಿಯಿರಿ ಅಂದರೆ "ಬಾಯಾರಿಕೆಯೇ ಇಲ್ಲ ಕಣಮ್ಮ" ಅಂತಾರೆ.

ನಾವು ಅಂದುಕೊಂಡಿರುವುದು ಇಷ್ಟು. ತಾರಸಿಗೆ ಬಿಳಿ ಬಣ್ಣ ಹೊಡೆಸುವುದು. ಒಂದು ಏರ್ ಕೂಲರ್ ತರುವುದು (ಎಸಿ ಸದ್ಯಕ್ಕೆ ಬೇಡ). ಕೂಲರ್ ಇಡುವ ಜಾಗದಲ್ಲಿ ಪ್ಲಗ್ ಇಲ್ಲ, ಹಾಗಾಗಿ ಎಕ್ಸ್‌ಟೆನ್ಷನ್ ಬೋರ್ಡ್. ಮಗಳ ಮಂಚವನ್ನು ಗಾಳಿ ಬರುವ ಕಿಟಕಿಯ ಪಕ್ಕ ಹಾಕುವುದು. ನೀರು ಕಮ್ಮಿಯಾದರೆ ಇರಲಿ ಅಂತ ಬಚ್ಚಲಲ್ಲಿ ಎರಡು ಡ್ರಮ್ ತುಂಬಿಡುವುದು. ರಜೆಯಲ್ಲಿ ಕೆಲವು ದಿನ ಮನೆ ಬೀಗ ಹಾಕಿ ಹೋಗುವುದೂ ಇದೆ. "ಎಲ್ಲಾ ಒಂದು ಭಾನುವಾರದ ಕೆಲಸ" ಅನ್ನುತ್ತಾರೆ ನಮ್ಮವರು. ನನಗೆ ನಂಬಿಕೆ ಇಲ್ಲ. ಯಾವುದನ್ನು ಮೊದಲು ಮಾಡಲಿ? ಏನಾದರೂ ಬಿಟ್ಟಿದ್ದೇನಾ?

ಹಳೇ ಟೆಸ್ಟರ್:

ಮೇಡಂ, ಮನೆಗಳ ವೈರಿಂಗು, ಪಂಪು, ಟ್ಯಾಂಕು ನೋಡಿಕೊಂಡೇ ತಲೆ ಬೆಳ್ಳಗಾದವನು ನಾನು. ನೀವು ಬರೆದದ್ದನ್ನು ಎರಡು ಸಲ ಓದಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಬಿಸಿಲಿನಿಂದ ಆಗುವ ತೊಂದರೆ ಒಂದು ಕಡೆ. ಬಿಸಿಲಿಗೆ ಹೆದರಿ ನಾವು ಮಾಡಿಕೊಳ್ಳುವ ಏರ್ಪಾಡಿನಿಂದ ಆಗುವ ತೊಂದರೆ ಇನ್ನೊಂದು ಕಡೆ. ನಾನು ಹೋದ ಮನೆಗಳಲ್ಲಿ ಎರಡನೆಯದೇ ಜಾಸ್ತಿ ಕಂಡಿದ್ದು. ನಿಮ್ಮ ಪ್ಲಾನಿನಲ್ಲಿ ಬಣ್ಣ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಆ ಜಾತಿಯದ್ದೇ.

ಮೊದಲು ಆ ಮಂಚ. ಇವತ್ತೇ ಕಿಟಕಿಯಿಂದ ದೂರ ಎಳೆಯಿರಿ. ಕಿಟಕಿಗೆ ಸೊಳ್ಳೆ ಜಾಲರಿ ಇದೆಯಲ್ಲ ಅನ್ನಬೇಡಿ. ಆ ಜಾಲರಿ ತಡೆಯುವುದು ಸೊಳ್ಳೆಯನ್ನು, ಮಗುವನ್ನಲ್ಲ. ಮಗು ಒರಗಿದರೆ ಫ್ರೇಮ್ ಸಮೇತ ಕಿತ್ತು ಬರುತ್ತದೆ. ಗ್ರಿಲ್ ಇದ್ದರೆ ಸರಳುಗಳ ನಡುವಿನ ಸಂದು ಅಳೆಯಿರಿ, 10 ಸೆಂಟಿಮೀಟರಿಗಿಂತ ಕಮ್ಮಿ ಇರಬೇಕು. ಗ್ರಿಲ್ ಇಲ್ಲದಿದ್ದರೆ ಕಿಟಕಿ ಅಷ್ಟಕ್ಕಿಂತ ಹೆಚ್ಚು ತೆರೆಯದ ಹಾಗೆ ಸ್ಟಾಪರ್ ಹಾಕಿಸಿ. ಸೋಫಾ, ಸ್ಟೂಲು, ಆಟಿಕೆ ಡಬ್ಬ ಯಾವುದೂ ಕಿಟಕಿ ಕೆಳಗೆ ಬೇಡ. ಬಾಲ್ಕನಿಗೂ ಇದೇ ಮಾತು.

ಇನ್ನು ಕೂಲರ್. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ. ನೀರು, ಮೋಟರು, ಎಷ್ಟೋ ಸಲ ತಗಡಿನ ಮೈ. ಮೂರೂ ಒಂದೇ ಡಬ್ಬದಲ್ಲಿ. ಒಳಗಿನ ಪಂಪಿನ ವೈರು ಸದಾ ನೀರಲ್ಲಿರುತ್ತದೆ. ಅದರ ಹೊದಿಕೆ ಸಣ್ಣಗೆ ಬಿರಿದರೂ ಸಾಕು, ಇಡೀ ಮೈಗೆ ಕರೆಂಟು ಬರುತ್ತದೆ. ಕೂಲರ್ ಮಾತ್ರ ಏನೂ ಆಗದವರ ಹಾಗೆ ಗಾಳಿ ಬೀಸುತ್ತಾ ಇರುತ್ತದೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಯಾರೋ ಮುಟ್ಟುತ್ತಾರೆ, ಅಷ್ಟೇ. ಆದ್ದರಿಂದ ನೀರು ತುಂಬುವ ಮೊದಲು ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ.

ಅರ್ಥಿಂಗ್ ನೋಡಿಸಿ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರು. ಬೋರ್ಡಿನಲ್ಲಿ ಮೂರನೇ ತೂತು ಇದೆ ಅಂದ ಮಾತ್ರಕ್ಕೆ ಅದರ ಹಿಂದೆ ವೈರು ಇದೆ ಅಂತ ಅಲ್ಲ. ಬೋರ್ಡು ಬಿಚ್ಚಿ ನೋಡಿದರೆ ಹಸಿರು ವೈರು ಮಡಚಿ ಮೂಲೆಗೆ ತುರುಕಿರುತ್ತಾರೆ. ಎಷ್ಟೋ ಕಡೆ ವೈರೇ ಇರುವುದಿಲ್ಲ.

ಆಮೇಲೆ ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್ಚು) ಇದೆಯಾ ನೋಡಿ. ಎಂಸಿಬಿ ಇದೆಯಲ್ಲ ಅಂತ ಜನ ನೆಮ್ಮದಿಯಾಗಿರುತ್ತಾರೆ. ಎಂಸಿಬಿ ಇರುವುದು ವೈರು ಸುಡದೇ ಇರಲಿ ಅಂತ. ಮನುಷ್ಯನಿಗೆ ಕರೆಂಟು ಹೊಡೆದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಆರ್‌ಸಿಸಿಬಿ ಮಾತ್ರ ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡನ್ನೂ ತಾಳೆ ನೋಡುತ್ತದೆ. ಲೆಕ್ಕ ತಪ್ಪಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುತ್ತದೆ. ಮನೆಗೆ 30 ಮಿಲಿಆಂಪಿಯರಿನದ್ದು ಇರಬೇಕು, ಮೇಲೆ ಬರೆದಿರುತ್ತದೆ. ಅದರಲ್ಲಿ "ಟಿ" ಅಂತ ಒಂದು ಚಿಕ್ಕ ಗುಂಡಿ ಇರುತ್ತದೆ. ಒತ್ತಿ. ಟಕ್ ಅಂತ ಬಿದ್ದರೆ ಸರಿ. ತಿಂಗಳಿಗೊಮ್ಮೆ ಒತ್ತಿ ನೋಡುವುದು ಒಳ್ಳೆಯದು. ಮನೆ ಕಟ್ಟಿದ ದಿನದಿಂದ ಆ ಗುಂಡಿಯನ್ನು ಯಾರೂ ಮುಟ್ಟಿಲ್ಲದ ಮನೆಗಳೇ ಜಾಸ್ತಿ.

ಎಕ್ಸ್‌ಟೆನ್ಷನ್ ಬೋರ್ಡ್ ಬೇಡ, ಕೂಲರ್ ಇಡುವ ಕಡೆಗೇ ಒಂದು ಪಾಯಿಂಟ್ ಎಳೆಸಿ. ಒಂದೆರಡು ದಿನಕ್ಕೆ ಅನಿವಾರ್ಯ ಅಂದರೆ ಬೋರ್ಡು ನೆಲದಲ್ಲಿ ಬೇಡ, ನೀರು ಹರಿಯುವ ಕಡೆಯಂತೂ ಬೇಡವೇ ಬೇಡ. ವೈರನ್ನು ಸುರುಳಿ ಸುತ್ತಿ ಇಡಬೇಡಿ, ಸುತ್ತಿದ ವೈರು ಬೇಗ ಬಿಸಿಯಾಗುತ್ತದೆ. ಅರ್ಧ ಗಂಟೆ ಓಡಿದ ಮೇಲೆ ಪ್ಲಗ್ಗಿನ ಪ್ಲಾಸ್ಟಿಕ್ ಮುಟ್ಟಿ ನೋಡಿ. ಕೈಗೆ ಚುರುಕ್ ಅಂದರೆ, ಅಥವಾ ಸಾಕೆಟ್ಟಿನ ತೂತಿನ ಸುತ್ತ ಕಂದು ಬಣ್ಣದ ಉಂಗುರ ಕಂಡರೆ, ಒಳಗೆ ಲೂಸ್ ಇದೆ ಅಂತಲೇ ಅರ್ಥ. ಸುಟ್ಟ ವಾಸನೆ ಬರುವವರೆಗೆ ಕಾಯಬೇಡಿ. ಮುಂದೆ ಎಸಿ ಹಾಕಿಸಿದರೆ ಅದಕ್ಕೆ ಬೇರೆಯದೇ ಲೈನು.

ರಾತ್ರಿ ಗೋಡೆ ಬಿಸಿ ಯಾಕೆ ಅಂದರೆ, ಕಾಂಕ್ರೀಟು ಹಗಲೆಲ್ಲಾ ಕುಡಿದ ಬಿಸಿಯನ್ನು ರಾತ್ರಿ ಬಿಡುತ್ತದೆ. ಹಾಗಾಗಿ ಬಿಳಿ ಬಣ್ಣದ ಯೋಚನೆ ಸರಿಯಾಗಿದೆ, ಬಿಸಿಲು ಒಳಗೆ ಇಳಿಯುವ ಮೊದಲೇ ವಾಪಸ್ ಹೋಗುತ್ತದೆ. ಆದರೆ ಮೊದಲು ಬಿರುಕು ಮುಚ್ಚಿಸಿ, ನೀರು ಹೋಗುವ ಕೊಳವೆಯ ಬಾಯಿಯಲ್ಲಿ ಕೂತ ಎಲೆ, ಕಸ ತೆಗೆಸಿ, ಆಮೇಲೆ ಬಣ್ಣ. ತಾರಸಿ ಒಣಗಿರುವುದು ಈಗಲೇ, ಮಳೆ ಶುರುವಾದ ಮೇಲೆ ಸೋರಿಕೆ ಹುಡುಕಿಕೊಂಡು ಓಡಾಡೋದು ಯಾರಿಗೆ ಬೇಕು. ಬಣ್ಣ ಹೊಡೆದ ತಾರಸಿ ಒದ್ದೆಯಾದರೆ ಜಾರಬಹುದು, ಮಾವನವರಿಗೆ ಹೇಳಿಡಿ.

ಪಡುವಣ ಕಿಟಕಿಗೆ ಒಳಗೆ ಪರದೆ ಕಟ್ಟಿದರೆ ಅರ್ಧ ಲಾಭ ಮಾತ್ರ. ಬಿಸಿಲು ಗಾಜು ದಾಟಿ ಆಗಲೇ ಒಳಗೆ ಬಂದಿರುತ್ತದೆ. ನೆರಳು ಹೊರಗಡೆ ಬೇಕು. ಬಿದಿರಿನ ಪರದೆ, ದಪ್ಪ ಬಟ್ಟೆ, ನೆರಳಿನ ಬಲೆ ಯಾವುದಾದರೂ ಆಗುತ್ತದೆ. ಬೆಳಿಗ್ಗೆ ಬಿಸಿಲೇರುವ ಮೊದಲು ಕಿಟಕಿ ಮುಚ್ಚಿ. ಹೊರಗಿನ ಗಾಳಿ ಒಳಗಿಗಿಂತ ತಣ್ಣಗಾದ ಮೇಲೆ ಎದುರುಬದುರು ಕಿಟಕಿ ತೆರೆಯಿರಿ. ಒಂದೇ ಕಡೆ ತೆರೆದರೆ ಗಾಳಿ ಆಡುವುದಿಲ್ಲ.

ಡ್ರಮ್ಮಿಗೆ ಗಟ್ಟಿ ಮುಚ್ಚಳ ಇರಬೇಕು, ಬಚ್ಚಲಿಗೆ ಮಗುವಿನ ಕೈಗೆ ಎಟುಕದ ಎತ್ತರದಲ್ಲಿ ಚಿಲಕ ಇರಬೇಕು. ಪುಟ್ಟ ಮಕ್ಕಳಿಗೆ ತಲೆ ಭಾರ. ಬಕೆಟ್ಟಿಗೆ ಬಗ್ಗಿದರೆ ಮುಗ್ಗರಿಸಿ ಬೀಳುತ್ತವೆ, ಎದ್ದು ಬರಲು ಆಗುವುದಿಲ್ಲ. ನಾಲ್ಕು ಬೆರಳು ನೀರಿದ್ದರೂ ಅಪಾಯವೇ. ಸದ್ದೂ ಆಗುವುದಿಲ್ಲ. ಬಳಸಿದ ಬಕೆಟ್ಟು ಖಾಲಿ ಮಾಡಿ ಬೋರಲು ಹಾಕಿ.

ಊರಿಗೆ ಹೋಗುವಾಗ ಗ್ಯಾಸ್ ರೆಗ್ಯುಲೇಟರ್ ಆಫ್, ವಾಷಿಂಗ್ ಮಷೀನಿನ ನಲ್ಲಿ ಬಂದ್, ಫ್ರಿಜ್ ಬಿಟ್ಟು ಉಳಿದ ಪ್ಲಗ್ಗೆಲ್ಲ ಹೊರಗೆ. ಯುಪಿಎಸ್ ಇದ್ದರೆ ಬ್ಯಾಟರಿಯ ನೀರಿನ ಮಟ್ಟ ನೋಡಿ, ಸೆಕೆಗೆ ಬೇಗ ಇಳಿಯುತ್ತದೆ. ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ.

ಗಿಡದ ಹುಚ್ಚು:

ಟೆಸ್ಟರ್ ಅಣ್ಣ ಎಲ್ಲಾ ಹೇಳಿದರು, ಕೂಲರ್ ಬೇಕೋ ಬೇಡವೋ ಅನ್ನುವುದನ್ನು ಬಿಟ್ಟು. ನಿಮ್ಮ ಕಡೆ ಒಣ ಸೆಕೆಯಾ, ಬೆವರು ಆರದ ಸೆಕೆಯಾ? ಒಣ ಹವೆಯಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ನೀರು ಆವಿಯಾದಾಗಲೇ ಅದು ತಂಪು ಕೊಡುವುದು. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ದುಡ್ಡು ಕೊಟ್ಟು ಕೋಣೆಯನ್ನು ಇನ್ನಷ್ಟು ಜಿಗುಟು ಮಾಡಿಕೊಂಡ ಹಾಗೆ. ಇನ್ನೊಂದು, ಕೂಲರ್ ಓಡುವಾಗ ಕಿಟಕಿ ಸ್ವಲ್ಪ ತೆರೆದೇ ಇರಬೇಕು. ಅಂದರೆ ಮತ್ತೆ ಆ ಕಿಟಕಿ ಮತ್ತು ಮಗುವಿನ ವಿಷಯಕ್ಕೇ ಬಂತು, ಅಲ್ವಾ?

ತಂದರೆ ವಾರಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ. ಸುಮ್ನೆ ಚೆಲ್ಲಿದರೆ ಸಾಲದು, ಒಳಗಿನ ಗೋಡೆಯನ್ನು ಬ್ರಷ್ ಹಾಕಿ ಉಜ್ಜಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಅಂಚಿಗೆ ಸ್ವಲ್ಪ ಮೇಲೆ, ತೇವ ಇರುವ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಕಪ್ಪು ಚುಕ್ಕಿಯ ಹಾಗೆ, ಕೊಳೆ ಅಂದುಕೊಳ್ಳುತ್ತೇವೆ. ಅದು ಒಣಗಿಕೊಂಡು ತಿಂಗಳುಗಟ್ಟಲೆ ಬದುಕುತ್ತದೆ, ನೀರು ತಾಗಿದ ಕೂಡಲೇ ಮರಿ. ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು 7ರಿಂದ 10 ದಿನ ಸಾಕು. ವಾರದ ಲೆಕ್ಕ ಬಂದಿದ್ದು ಇದರಿಂದಲೇ. ಫ್ರಿಜ್ಜಿನ ಹಿಂದಿನ ತಟ್ಟೆ, ಕುಂಡದ ಕೆಳಗಿನ ತಟ್ಟೆ, ನಿಮ್ಮ ಡ್ರಮ್ಮು, ಎಲ್ಲಕ್ಕೂ ಇದೇ. ಈ ಸೊಳ್ಳೆ ಕಚ್ಚುವುದು ಹಗಲಲ್ಲಿ, ಮಗು ಮಧ್ಯಾಹ್ನ ಮಲಗುವಾಗ ಸೊಳ್ಳೆ ಪರದೆ ಕಟ್ಟಿ.

ಪಡುವಣ ಕಿಟಕಿಗೆ ಬಳ್ಳಿ ಹಬ್ಬಿಸಿ ಅಂತ ನನ್ನ ಓಟು. ಈ ಬೇಸಿಗೆಗೆ ಆಗಲ್ಲ, ಮುಂದಿನದಕ್ಕೆ. ಕುಂಡವನ್ನು ಮಾತ್ರ ಕಟ್ಟೆಯ ಮೇಲೆ ಇಡಬೇಡಿ, ಮಗಳು ಹತ್ತೋಕೆ ಅದೇ ಮೆಟ್ಟಿಲಾಗುತ್ತದೆ.

ರಾತ್ರಿ ಪಾಳಿ:

ನಾನು ನರ್ಸ್. ಮಾವನವರ ಆರೋಗ್ಯದ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಬಂದೆ.

"ಬಾಯಾರಿಕೆ ಇಲ್ಲ" ಅಂತ ಅವರು ಹೇಳುತ್ತಿರುವುದು ಹಟಕ್ಕಲ್ಲ. ವಯಸ್ಸಾದ ಮೇಲೆ ಬಾಯಾರಿಕೆ ಗೊತ್ತಾಗುವುದೇ ಕಮ್ಮಿ. ಕೇಳಬೇಡಿ, ಲೋಟ ತುಂಬಿಸಿ ಕೈಗೆ ಕೊಡಿ. ಸ್ವಲ್ಪ ಸ್ವಲ್ಪ, ದಿನವಿಡೀ. ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರ ಜಾಸ್ತಿ ಹೋಗುವಂತೆ ಮಾಡುತ್ತವೆ. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಬೇಸಿಗೆಗೆ ಏನಾದರೂ ಬದಲಿಸಬೇಕಾ ಅಂತ ಅವರ ಡಾಕ್ಟರನ್ನೇ ಕೇಳಿ. ಹೃದಯ, ಮೂತ್ರಪಿಂಡದ ತೊಂದರೆ ಇದ್ದರೆ ದಿನಕ್ಕೆ ಎಷ್ಟು ನೀರು, ಓಆರ್‌ಎಸ್ ಕೊಡಬಹುದಾ ಅನ್ನುವುದನ್ನೂ ಕೇಳಲೇಬೇಕು.

ಫ್ಯಾನ್ ಬಗ್ಗೆ ಒಂದು ವಿಷಯ. ಫ್ಯಾನ್ ಗಾಳಿಯನ್ನು ತಣಿಸುವುದಿಲ್ಲ, ಬೆವರನ್ನು ಆರಿಸುತ್ತದೆ. ಕೋಣೆ 40 ಡಿಗ್ರಿ ದಾಟಿದರೆ ಫ್ಯಾನ್ ಮೈಯನ್ನು ಇನ್ನೂ ಬಿಸಿ ಮಾಡುತ್ತದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೋಣೆಯಲ್ಲಿ ಒಂದು ಥರ್ಮಾಮೀಟರ್ ನೇತುಹಾಕಿ. ಅಂಥ ಮಧ್ಯಾಹ್ನಗಳಲ್ಲಿ ಮಾವ, ಮಗು ಇಬ್ಬರೂ ಪಡುವಣ ಕೋಣೆ ಬಿಟ್ಟು ಮನೆಯ ತಣ್ಣನೆಯ ಮೂಲೆಯಲ್ಲಿರಲಿ. ಒದ್ದೆ ಬಟ್ಟೆಯಲ್ಲಿ ಕೈಕಾಲು, ಕತ್ತು ಒರೆಸುತ್ತಿರಿ.

ಸುಸ್ತು, ತಲೆಸುತ್ತು, ತುಂಬಾ ಬೆವರು, ಕಾಲಿನ ಸೆಳೆತ ಇದ್ದರೆ ತಣ್ಣನೆ ಜಾಗದಲ್ಲಿ ಮಲಗಿಸಿ ನೀರು ಕೊಡಿ. ಮಾತು ತೊದಲಿದರೆ, ಗೊಂದಲವಾಗಿ ಏನೇನೋ ಮಾತಾಡಿದರೆ, ಪ್ರಜ್ಞೆ ತಪ್ಪಿದರೆ, ಮೈ ಕಾದ ಹೆಂಚಾಗಿದ್ದರೆ ಅದು ಬರೀ ಸುಸ್ತಲ್ಲ, ಹೀಟ್ ಸ್ಟ್ರೋಕ್. ಬೆವರು ಇದ್ದರೂ ಇರಬಹುದು, "ಬೆವರುತ್ತಿದ್ದಾರಲ್ಲ" ಅಂತ ಸಮಾಧಾನ ಪಡಬೇಡಿ. ತಕ್ಷಣ ಆಂಬುಲೆನ್ಸಿಗೆ ಫೋನ್ ಮಾಡಿ. ಅದು ಬರುವವರೆಗೆ ಸುಮ್ಮನೆ ಕೂರಬೇಡಿ. ಮೈಮೇಲೆ ನೀರು ಹಾಕಿ ಗಾಳಿ ಬೀಸಿ, ಕತ್ತು, ಕಂಕುಳು, ತೊಡೆಸಂದಿಗೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ.

ರಜೆಯ ಪ್ರಯಾಣ ಅಂದಿರಿ. ನಿಂತ ಕಾರಿನಲ್ಲಿ ಮಗುವನ್ನು ಒಂದು ಗಳಿಗೆಯೂ ಬಿಡಬೇಡಿ, ಗಾಜು ಸ್ವಲ್ಪ ಇಳಿಸಿದ್ದರೂ ಸರಿಯೇ. ಬಿಸಿಲಲ್ಲಿ ಹತ್ತು ನಿಮಿಷಕ್ಕೆ ಸುಮಾರು 10 ಡಿಗ್ರಿ ಏರುತ್ತದೆ.

ಪಡುವಣ ಕಿಟಕಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಂಚ ಆಗಲೇ ಆ ಕಡೆ ಗೋಡೆಗೆ ಹೋಯಿತು. ನಮ್ಮಲ್ಲಿ ಒಣ ಸೆಕೆಯೇ, ಹಾಗಾಗಿ ಕೂಲರ್ ತರುತ್ತೇವೆ, ಆದರೆ ಹೊಸ ಪಾಯಿಂಟ್ ಹಾಕಿಸಿದ ಮೇಲೆ. ಮಾವನವರು ನರ್ಸ್ ಬರೆದದ್ದನ್ನು ಫೋನಿನಲ್ಲಿ ತಾವೇ ಓದಿ, ಏನೂ ಮಾತಾಡದೆ ಒಂದು ಲೋಟ ನೀರು ಕುಡಿದರು!

ಟೆಸ್ಟರ್ ಸರ್, ಒಂದು ಪ್ರಶ್ನೆ. ಬೋರ್ಡಿನಲ್ಲಿ ಆರ್‌ಸಿಸಿಬಿ ಇದೆ, 30 ಅಂತಲೇ ಬರೆದಿದೆ. ನಮ್ಮವರು ಆ ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಜೋರಾಗಿ ಒತ್ತಬೇಕಾ?

ಹಳೇ ಟೆಸ್ಟರ್:

ಜೋರಾಗಿ ಬೇಡ. ಒತ್ತಿದಾಗ ಕರೆಂಟು ಇತ್ತಾ, ಅದನ್ನು ಮೊದಲು ನೋಡಿ. ಕರೆಂಟು ಇಲ್ಲದಾಗ ಆ ಗುಂಡಿ ಕೆಲಸ ಮಾಡುವುದಿಲ್ಲ. ಕರೆಂಟು ಇದ್ದೂ ಬೀಳಲಿಲ್ಲ ಅಂದರೆ ಅದನ್ನು ನಂಬುವ ಹಾಗಿಲ್ಲ. ಸುಮ್ನೆ ಗೋಡೆಗೆ ಅಂಟಿಕೊಂಡಿದೆ, ಅಷ್ಟೇ. ಕೆಲವು ಸಲ ವೈರು ತಪ್ಪಾಗಿ ಕೊಟ್ಟಿದ್ದರೂ ಹೀಗಾಗುತ್ತದೆ.

ನೀವೇ ಬಿಚ್ಚಬೇಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನ ಕರೆಸಿ. ಹೊಸ ಪಾಯಿಂಟಿಗೆ ಹೇಗೂ ಬರುತ್ತಾರಲ್ಲ, ಅವತ್ತೇ ಇದನ್ನೂ ಬದಲಿಸಲಿ, ಅರ್ಥಿಂಗನ್ನೂ ಮೀಟರ್ ಹಿಡಿದು ಅಳೆಯಲಿ. "ಇದೆಲ್ಲಾ ಸರಿ ಇದೆ ಮೇಡಂ" ಅಂತ ಬಾಯಲ್ಲಿ ಹೇಳಿದರೆ ಒಪ್ಪಬೇಡಿ. ಅವರು ಹೊರಡುವ ಮೊದಲು ಗುಂಡಿ ಒತ್ತಿಸಿ ನೋಡಿ. ಅಲ್ಲಿಯವರೆಗೆ ಕೂಲರ್ ಮನೆಗೆ ಬಂದರೂ ಡಬ್ಬದಲ್ಲೇ ಇರಲಿ.