‘ಚಿತ್ರದಲ್ಲಿ ಚಿತ್ರ’ಕ್ಕೆ ಬೇರೆ ಮಾತು ಸಿಗಬಹುದಾ?

ಗೆಳೆಯರೆ, ನಮಸ್ಕಾರ.

ನಮ್ಮ ಶಾಲೆಯ ಶಿಕ್ಷಕರಿಗಾಗಿ ಕಂಪ್ಯೂಟರ್ ಬಳಕೆಯ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಪಾಠಗಳೆಲ್ಲ ಯೂಟ್ಯೂಬ್‌ನಲ್ಲಿವೆ. ಅವನ್ನು ನೋಡುತ್ತಲೇ ಎಕ್ಸೆಲ್‌ನಲ್ಲಿ ಕೈಯಾಡಿಸಬೇಕು. ಅದಕ್ಕೆ ಪಿಕ್ಚರ್ ಇನ್ ಪಿಕ್ಚರ್, ಅಂದರೆ ಬೇರೆ ಕೆಲಸದ ಮೇಲೆಯೇ ಪುಟ್ಟ ಚೌಕದಲ್ಲಿ ವೀಡಿಯೊ ಓಡಿಸುವ ಸೌಲಭ್ಯ, ಒಳ್ಳೆಯ ಉಪಾಯ. ಫೈರ್‌ಫಾಕ್ಸ್‌ನಲ್ಲಿ ವೀಡಿಯೊ ಮೇಲೆ ಮೌಸ್ ಒಯ್ದರೆ ಅದರದೊಂದು ಬಟನ್ ಕಾಣಿಸುತ್ತದೆ. ಕ್ರೋಮ್‌ನಲ್ಲಾದರೆ ವೀಡಿಯೊ ಮೇಲೆ ಎರಡು ಸಲ ರೈಟ್ ಕ್ಲಿಕ್ ಮಾಡಬೇಕು. ಮೊದಲ ಸಲ ಬರುವುದು ಯೂಟ್ಯೂಬ್‌ನ ಮೆನು, ನಮಗೆ ಬೇಕಾದದ್ದು ಎರಡನೆಯದರಲ್ಲಿ ಇರುತ್ತದೆ. ಆಮೇಲೆ ವೀಡಿಯೊ ಪುಟದಿಂದ ಕಳಚಿಕೊಂಡು ಪರದೆಯ ಒಂದು ಮೂಲೆಗೆ ಬಂದು ಕೂರುತ್ತದೆ. ಇಷ್ಟನ್ನು ಸಲೀಸಾಗಿ ಬರೆದೆ. ಬಂದು ಕೂತದ್ದನ್ನು ಏನೆಂದು ಕರೆಯಲಿ?

ಆಂಡ್ರಾಯ್ಡ್ ಫೋನನ್ನು ಕನ್ನಡಕ್ಕೆ ಹಾಕಿಕೊಂಡರೆ ‘ಚಿತ್ರದಲ್ಲಿ ಚಿತ್ರ’ ಎಂದು ಕಾಣುತ್ತದೆ. ನಮಗೆ ಚಿತ್ರ ಅಂದ ಕೂಡಲೇ ಸಿನಿಮಾ ನೆನಪಾಗುತ್ತದೆ, ಅಲ್ವಾ? ಸಿನಿಮಾದ ನಾಯಕ ಟಾಕೀಸಿಗೆ ಹೋಗಿ ಇನ್ನೊಂದು ಸಿನಿಮಾ ನೋಡಿದ ಹಾಗೆ ಕೇಳಿಸುತ್ತದೆ.

ಇಂಗ್ಲಿಷ್ ಹೆಸರು ಟೀವಿ ಕಾಲದ್ದು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಉದ್ಘಾಟನೆಯ ಪ್ರಸಾರದಲ್ಲಿ ಕ್ವಾಂಟೆಲ್ ಕಂಪನಿಯ ಯಂತ್ರ ಬಳಸಿ, ಕ್ರೀಡಾಂಗಣದ ದೃಶ್ಯದ ಒಳಗೇ ಜ್ಯೋತಿಯನ್ನು ಹತ್ತಿರದಿಂದ ತೋರಿಸಿದ್ದರು. ಅಲ್ಲಿ ಹೊರಗೂ ಚಿತ್ರ, ಒಳಗೂ ಚಿತ್ರ. ಹೆಸರು ಒಪ್ಪುತ್ತದೆ. ಈಗ ನಮ್ಮ ಶಿಕ್ಷಕರ ಪರದೆಯಲ್ಲಿ ಹಿಂದೆ ಇರುವುದು ಏಳನೇ ತರಗತಿಯ ಅಂಕಪಟ್ಟಿ. ಅದು ಯಾವ ಚಿತ್ರ? ಪತ್ರಿಕೆಯವರು ದೊಡ್ಡ ಫೋಟೊದ ಮೂಲೆಯಲ್ಲಿರುವ ಪುಟ್ಟ ಫೋಟೊಗೆ ‘ಒಳಚಿತ್ರ’ ಎನ್ನುತ್ತಾರೆ. ಚೆಂದದ ಮಾತು. ಆದರೆ ಅದಕ್ಕೂ ಇದೇ ತೊಡಕು.

‘ತೇಲುಕಿಟಕಿ’ ಆಗಬಹುದು ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ನನಗೆ ಅಷ್ಟು ಹಿಡಿಸಲಿಲ್ಲ. ತೇಲುವ ವಸ್ತು ನೀರು ಹೋದ ಕಡೆ ಹೋಗುತ್ತದೆ. ಇದು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಎಕ್ಸೆಲ್ ಹೋಗಿ ವರ್ಡ್ ಬರಲಿ, ವರ್ಡ್ ಹೋಗಿ ಮೇಲ್ ಬರಲಿ, ನಾವಾಗಿ ಎಳೆದು ಸರಿಸುವ ತನಕ ಇದ್ದಲ್ಲೇ ಇರುತ್ತದೆ. ಜೊತೆಗೆ ‘ಮಾತು ತೇಲಿಸಿದ’, ‘ಕಣ್ಣು ತೇಲಿಸಿದ’ ಅನ್ನುವಾಗ ತೇಲುವುದಕ್ಕೆ ಅಂಥ ಒಳ್ಳೆ ಹೆಸರೇನೂ ಇಲ್ಲ. ‘ಕಿರುತೆರೆ’ ಎನ್ನೋಣವೆಂದರೆ ಅದನ್ನು ಟೀವಿಯವರು ಎಂದೋ ಒಯ್ದಾಗಿದೆ. ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿ ‘ಪಿಪ್’ ಎಂದೇ ಬಿಟ್ಟರೆ ಜಾತ್ರೆಯ ಪೀಪಿ ಆಗುತ್ತದೆ.

ಜನ ಏನು ಹೇಳುತ್ತಾರೆ ಎಂದು ಕಿವಿಗೊಟ್ಟು ಕೇಳಿದೆ. ಹೆಚ್ಚಿನವರು ಇದಕ್ಕೆ ಹೆಸರನ್ನೇ ಇಟ್ಟಿಲ್ಲ. “ಮ್ಯಾಚ್ ಮೂಲೇಲಿ ಹಾಕ್ಕೊಂಡು ಕೆಲಸ ಮಾಡ್ತಿದ್ದೆ” ಅನ್ನುತ್ತಾರೆ. ಇದು ನನಗೆ ಬಹಳ ಕುತೂಹಲ ಅನಿಸಿತು. ‘ಮೂಲೆಗೆ ಹಾಕು’, ‘ಮೂಲೆಗುಂಪು ಮಾಡು’ ಅಂದರೆ ಇನ್ನು ಅದರ ಕಡೆ ತಿರುಗಿಯೂ ನೋಡುವುದಿಲ್ಲ ಅಂತ. ಇಲ್ಲಿ ಕಣ್ಣು ತಪ್ಪಬಾರದು ಅಂತಲೇ ಮೂಲೆಗೆ ಹಾಕುತ್ತಾರೆ! ಮಾತಿನಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ. ಕೈಪಿಡಿಯಲ್ಲಿ ‘ಪಾಠವನ್ನು ಮೂಲೆಗೆ ಹಾಕಿ’ ಎಂದು ಬರೆದರೆ ಮುಖ್ಯೋಪಾಧ್ಯಾಯರು ಏನೆಂದುಕೊಂಡಾರು?

ಸದ್ಯ ನನ್ನ ಮನಸ್ಸು ‘ಕಿಂಡಿ’ಯ ಕಡೆ ವಾಲಿದೆ. ‘ವೀಡಿಯೊ ಕಿಂಡಿ’. ಕಿಟಕಿ ದೊಡ್ಡದು, ಕಿಂಡಿ ಚಿಕ್ಕದು. ಕೆಲಸದ ವಿಂಡೋ ಕಿಟಕಿಯಾದರೆ ಇದು ಕಿಂಡಿ. ಉಡುಪಿಯ ಕನಕನ ಕಿಂಡಿ ಎಲ್ಲರಿಗೂ ಗೊತ್ತು. ಬೆಳಕಿಂಡಿ ಹಳೆಯ ಮನೆಗಳಲ್ಲಿ ಇನ್ನೂ ಇದೆ. ಮಳೆ ಮುಗಿದ ಮೇಲೆ ಹಲಗೆ ಹಾಕಿ ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟು ಸರ್ಕಾರಿ ಕಡತದಲ್ಲೂ ಕಿಂಡಿ ಅಣೆಕಟ್ಟೇ. ಒಂದು ಆಕ್ಷೇಪ ಬರಬಹುದು. ಕಿಂಡಿ ಅಂದರೆ ತೂತು, ಅದರಲ್ಲಿ ಆಚೆಯದು ಕಾಣಬೇಕು. ಇದು ಹಿಂದಿನ ಕಾಲಮ್ಮನ್ನೇ ಮುಚ್ಚಿಬಿಡುತ್ತದೆ. ನಿಜ. ಆದರೆ ಪಾಠ ಕಾಣುವುದು ಅದರಲ್ಲೇ ತಾನೇ?

ನಾಮಪದಕ್ಕಿಂತ ಕ್ರಿಯಾಪದ ಜಾಸ್ತಿ ಕಾಡುತ್ತಿದೆ. ಆ ಪುಟ್ಟ ಚೌಕದ ಮೇಲೆ ಎರಡು ಬಟನ್ ಇವೆ. ಒಂದನ್ನು ಒತ್ತಿದರೆ ಚೌಕ ಮಾಯವಾಗಿ ವೀಡಿಯೊ ನಿಲ್ಲುತ್ತದೆ. ಇನ್ನೊಂದನ್ನು ಒತ್ತಿದರೆ ವೀಡಿಯೊ ಓಡುತ್ತಲೇ ತನ್ನ ಪುಟಕ್ಕೆ ಹೋಗಿ ಸೇರುತ್ತದೆ. ಮೊದಲನೆಯದಕ್ಕೆ ‘ಮುಚ್ಚು’ ಸಾಕು. ಎರಡನೆಯದಕ್ಕೆ ‘ಹಿಂತಿರುಗು’ ಎಂದರೆ ಯಾರು, ಎಲ್ಲಿಗೆ ಎಂದು ಗೊತ್ತಾಗುವುದಿಲ್ಲ. ‘ಪುಟಕ್ಕೆ ಸೇರಿಸು’ ಎಂದು ಬರೆದುಕೊಂಡಿದ್ದೇನೆ. ಶುರುವಿನ ಕೆಲಸಕ್ಕೆ ‘ಕಿಂಡಿಗೆ ಹಾಕು’. ವೀಡಿಯೊ ಹೊರಟುಹೋದ ಮೇಲೆ ಪುಟದಲ್ಲಿ ಉಳಿಯುವ ಖಾಲಿ ಜಾಗವನ್ನು ವಿವರಿಸಲು ‘ವೀಡಿಯೊ ಕಿಂಡಿಯಲ್ಲಿ ಓಡುತ್ತಿದೆ’ ಎಂದು ಬರೆದು ನೋಡಿದೆ. ಕಿವಿಗೆ ಚುಚ್ಚುವುದಿಲ್ಲ.

ಇದರ ಬೆನ್ನಿಗೇ ಬರುವ ಮಾತು ಮಲ್ಟಿಟಾಸ್ಕಿಂಗ್. ‘ಬಹುಕಾರ್ಯ’ ಅಂದರೆ ಇಲಾಖೆಯ ಸುತ್ತೋಲೆ ಓದಿದ ಹಾಗಾಗುತ್ತದೆ. ಒಂದೇ ಹೊತ್ತಿಗೆ ಹಲವು ಕಡೆ ಗಮನವಿಟ್ಟು ಉತ್ತರಿಸುವ ‘ಅವಧಾನ’ ಕಲೆ ನಮ್ಮಲ್ಲಿ ಇದೆಯಲ್ಲ! ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು. ಒಬ್ಬರು ಪದ್ಯವಾಗಿ ಪೂರ್ತಿ ಮಾಡಲು ‘ಸಮಸ್ಯೆ’ಯ ಸಾಲು ಕೊಡುತ್ತಾರೆ, ಒಬ್ಬರು ಪದ್ಯ ಕಟ್ಟುವಾಗ ಅಕ್ಷರ ನಿಷೇಧಿಸುತ್ತಾರೆ, ಮತ್ತೊಬ್ಬರು ನಡುನಡುವೆ ಸಂಖ್ಯೆ ಕೇಳುತ್ತಾರೆ. ಅಪ್ರಸ್ತುತ ಪ್ರಸಂಗಿಯ ಕೆಲಸವಂತೂ ಸುಮ್ನೆ ಏನೋ ಕೇಳಿ ಅವಧಾನಿಯ ಗಮನ ಕೆಡಿಸುವುದು. ಮೂಲೆಯಲ್ಲಿ ಓಡುವ ಕ್ರಿಕೆಟ್ ಮ್ಯಾಚ್ ಥೇಟ್ ಅದೇ ಪಾತ್ರ ಮಾಡುತ್ತದೆ. ಆದರೂ ಅವಧಾನ ದೊಡ್ಡ ಮಾತು. ಎಕ್ಸೆಲ್ ಕಲಿಯುವವರ ತಲೆಗೆ ಆ ಪೇಟ ಬೇಡ. ಕೈಪಿಡಿಯಲ್ಲಿ ‘ಪಾಠದ ಮೇಲೆ ಒಂದು ಕಣ್ಣಿಟ್ಟುಕೊಂಡು ಕೆಲಸ ಮಾಡಿ’ ಎಂದು ಬರೆಯುತ್ತೇನೆ. ಅದಕ್ಕೆ ಹೊಸ ಪದವೇ ಬೇಕಾಗಿಲ್ಲ.

ನಿಮ್ಮಿಂದ ತಿಳಿಯಬೇಕಾದದ್ದು ಇಷ್ಟು. ಧಾರವಾಡ, ಕಲಬುರಗಿ ಕಡೆಯವರು ದಿನದ ಮಾತಿನಲ್ಲಿ ‘ಕಿಂಡಿ’ ಬಳಸುತ್ತೀರಾ, ಅಥವಾ ಬರೀ ‘ಬೆಳಕಿಂಡಿ’ಯೇ? ‘ಕಿಂಡಿಗೆ ಹಾಕು’ ಅಂದರೆ ನಿಮ್ಮ ಕಡೆ ಬೇರೆ ಅರ್ಥ ಬರುತ್ತದಾ? ‘ಪುಟಕ್ಕೆ ಸೇರಿಸು’ವುದಕ್ಕಿಂತ ಚಿಕ್ಕ ಮಾತು ಹೊಳೆದರೆ ಅದನ್ನೂ ಹೇಳಿ. ಬಟನ್ ವಿವರಣೆಗೆ ಕೈಪಿಡಿಯಲ್ಲಿ ಇರುವ ಜಾಗ ಒಂದೇ ಸಾಲು.