ಪೇರೆಂಟ್ಸ್ ಸಂಘದ ಬೈಲಾ ತಿದ್ದಬೇಕು, ಸಭೆ ನಡೆಸೋ ನಿಯಮ ಗೊತ್ತಿರೋರು ಹೇಳಿ

ಹೊಸ ಕಾರ್ಯದರ್ಶಿ:
ಎಲ್ರಿಗೂ ನಮಸ್ಕಾರ. ಮಗಳ ಸ್ಕೂಲಿನ ಪೇರೆಂಟ್ಸ್ ಸಂಘಕ್ಕೆ ಈ ಸಲ ನನ್ನನ್ನ ಕಾರ್ಯದರ್ಶಿ ಮಾಡ್ಬಿಟ್ರು, ಮೀಟಿಂಗಿಗೆ ಲೇಟಾಗಿ ಹೋಗಿದ್ದಷ್ಟೇ ನಾನು ಮಾಡಿದ ತಪ್ಪು. ಕೈಗೆ ಸಿಕ್ಕಿರೋ ಬೈಲಾ (ಸಂಘದ ನಿಯಮಾವಳಿ) ಯಾವ ಕಾಲದ್ದೋ ಏನೋ, ಕೋರಂ, ಅಂದ್ರೆ ಸಭೆ ನಡೆಯೋಕೆ ಬೇಕಾದ ಕನಿಷ್ಠ ಜನ, ಒಟ್ಟು ಸದಸ್ಯರಲ್ಲಿ ಅರ್ಧ ಅಂತಿದೆ, ಪಟ್ಟಿಲಿ 210 ಹೆಸರು, ಬರೋರು ಇಪ್ಪತ್ತೋ ಮೂವತ್ತೋ. ಮೀಟಿಂಗ್ ಎಷ್ಟು ಗಂಟೆಗೆ ಅನ್ನೋದೂ ಅದರಲ್ಲೇ ಬರ್ದಿಟ್ಟಿದಾರೆ. ಅಧ್ಯಕ್ಷರನ್ನ ಕೇಳಿದ್ರೆ ಹೊಸದೊಂದು ಟೈಪ್ ಮಾಡ್ಕೊಂಡು ಬನ್ನಿ, ಕೈ ಎತ್ತಿಸಿ ಪಾಸ್ ಮಾಡ್ಬಿಡೋಣ ಅಂತಾರೆ. ಅಷ್ಟು ಸುಲಭಾನಾ? ಇನ್ನೊಬ್ರು ಮಾತು ಮಾತಿಗೂ ಪಾಯಿಂಟ್ ಆಫ್ ಆರ್ಡರ್ (ಸಭೆಯ ನಿಯಮ ಮುರೀತು ಅನ್ನೋ ಆಕ್ಷೇಪ) ಅಂತ ಎದ್ದು ನಿಲ್ತಾರೆ, ಅವರಿಗೆ ಏನು ಹೇಳ್ಬೇಕೋ ಗೊತ್ತಾಗಲ್ಲ.

ಹಳೇ ಖಜಾಂಚಿ:
ಟೈಪ್ ಮಾಡೋಕೆ ಮುಂಚೆ ಹಳೇ ಬೈಲಾದ ಕೊನೇ ಪುಟ ನೋಡಿ, ತಿದ್ದುಪಡಿ ಹೇಗೆ ಮಾಡ್ಬೇಕು ಅಂತ ಸಾಮಾನ್ಯವಾಗಿ ಅಲ್ಲೇ ಇರುತ್ತೆ, ಎಷ್ಟು ದಿನ ಮುಂಚೆ ನೋಟಿಸ್, ಎಷ್ಟು ಬಹುಮತ ಎಲ್ಲಾ. ಏನೂ ಬರ್ದಿಲ್ಲ, ರಾಬರ್ಟ್ಸ್ ರೂಲ್ಸ್ (ಸಭೆ ನಡೆಸೋ ನಿಯಮಗಳ ಪುಸ್ತಕ) ಪ್ರಕಾರ ನಡೀತೀವಿ ಅಂತ ಮಾತ್ರ ಇದ್ರೆ, ಮೊದಲೇ ನೋಟಿಸ್ ಕೊಟ್ಟು ಮೂರನೇ ಎರಡರಷ್ಟು ಮತ ಬೇಕು. ಇದು ಓಟು ಹಾಕಿದವರ ಲೆಕ್ಕ, ಸುಮ್ನೆ ಕೂತವರು ಸೇರಲ್ಲ. ಹೌದು ಅಂದೋರು ಬೇಡ ಅಂದವರಿಗಿಂತ ಎರಡು ಪಟ್ಟಾದ್ರೂ ಇದ್ರೆ ಪಾಸ್, 70ಕ್ಕೆ 32 ಆದ್ರೆ ಪಾಸು, 36 ಆದ್ರೆ ಬಿತ್ತು. ಸಂಘ ರಿಜಿಸ್ಟರ್ ಆಗಿದ್ರೆ ಮಾತ್ರ ಆ ಕಾನೂನು ಏನು ಹೇಳುತ್ತೋ ಅದೇ ಮೊದಲು.

ಕೋರಂ ಇಲ್ದೆ ಬೈಲಾ ಮುಟ್ಟೋಕೇ ಆಗಲ್ಲ, ಅಧ್ಯಕ್ಷರಿಗೆ ಇದನ್ನ ನಿಧಾನಕ್ಕೆ ಹೇಳಿ. ಎಲ್ಲಾ ಪೇರೆಂಟ್ಸೂ ಹೇಗಿದ್ರೂ ಸ್ಕೂಲಿಗೆ ಬರೋ ದಿನ ಒಂದಿರುತ್ತಲ್ಲ, ಅವತ್ತೇ ಸಭೆ ಇಟ್ಕೊಳ್ಳಿ. ಇನ್ನೊಂದು, ಹಳೇ ಕೋರಂ ತೆಗೆಯೋದು ಹೊಸದು ಸೇರ್ಸೋದು ಎರಡೂ ಒಂದೇ ನಿರ್ಣಯದಲ್ಲಿ ಇರ್ಲಿ. ಮೊದಲು ತೆಗೆದ್ಬಿಟ್ರೆ ಆ ಕ್ಷಣದಿಂದ್ಲೇ ಒಟ್ಟು ಸದಸ್ಯರ ಅರ್ಧಕ್ಕಿಂತ ಹೆಚ್ಚು ಜನ ಬೇಕಾಗುತ್ತೆ, ಇರೋದಕ್ಕಿಂತ ಕಷ್ಟ.

ಸಭೆ ನೋಡಿ ನೋಡಿ ಸಾಕಾದವಳು:
ನೋಟಿಸಲ್ಲಿ 'ಬೈಲಾ ತಿದ್ದುಪಡಿ ಬಗ್ಗೆ ಚರ್ಚೆ' ಅಂತ ಒಂದು ಸಾಲು ಬರ್ದು ಕಳಿಸ್ಬೇಡಿ ಮೇಡಂ (ಅಥವಾ ಸರ್), ಹಳೇ ಸಾಲು ಹೊಸ ಸಾಲು ಎರಡೂ ಅಕ್ಕಪಕ್ಕ ಹಾಕಿ. ಕೋರಂ 105ರಿಂದ 25ಕ್ಕೆ ಅಂತ ನೋಟಿಸ್ ಕೊಟ್ಟಿದ್ರೆ ಸಭೇಲಿ ಯಾರಾದ್ರೂ 40 ಮಾಡೋಣ ಅನ್ನಬಹುದು, 15 ಮಾಡೋಣ ಅನ್ನೋ ಹಾಗಿಲ್ಲ, ಯಾಕಂದ್ರೆ 25 ಅಂತ ಓದಿ ಒಪ್ಪಿಗೆ ಅಂತ ಮನೇಲೇ ಉಳಿದವರಿಗೆ ಅನ್ಯಾಯ ಆಗುತ್ತೆ. ಪೂರ್ತಿ ಬೈಲಾನೇ ಬದಲಾಯಿಸ್ತೀವಿ ಅಂತ ನೋಟಿಸ್ ಕೊಟ್ರೆ ಈ ಮಿತಿ ಇರಲ್ಲ, ಯಾವ ಕಲಂ ಮೇಲೆ ಬೇಕಾದ್ರೂ ತಿದ್ದುಪಡಿ ತರಬಹುದು, ಅಂದ್ರೆ ಸಭೆ ಸಂಜೆವರೆಗೂ ಮುಗಿಯಲ್ಲ. ನಾನಾಗಿದ್ರೆ ತುರ್ತಾಗಿರೋ ಎರಡು ಮೂರು ಕಲಂ ಮಾತ್ರ ಈಗ ತಿದ್ತಿದ್ದೆ. ಮೀಟಿಂಗ್ ಟೈಮಂಥದ್ದು ಬೈಲಾದಲ್ಲಿ ಇರ್ಲೇಬಾರ್ದು, ಅದನ್ನ ಬೇರೆ ನಿಯಮವಾಗಿ ಇಟ್ಕೊಂಡ್ರೆ, ಮೊದಲೇ ನೋಟಿಸ್ ಕೊಟ್ಟು ಸಾಧಾರಣ ಬಹುಮತದಲ್ಲೇ ಬದಲಾಯಿಸಬಹುದು.

ಪಾಯಿಂಟ್ ಆಫ್ ಆರ್ಡರ್ ಮಹಾಶಯರಿಗೆ 'ಯಾವ ನಿಯಮ ಮುರೀತು ಹೇಳಿ' ಅಂತ ಅಧ್ಯಕ್ಷರು ಕೇಳ್ಲಿ. ಅದಕ್ಕೆ ಅನುಮೋದಕರು ಬೇಡ, ಚರ್ಚೆನೂ ಬೇಡ, ಅಧ್ಯಕ್ಷರೇ ತೀರ್ಪು ಕೊಡ್ತಾರೆ. ಒಪ್ಪದಿದ್ರೆ ಅವರು ಮೇಲ್ಮನವಿ ಹಾಕ್ಲಿ, ಒಬ್ರು ಅನುಮೋದಿಸಿದ್ರೆ ಸಭೆ ಓಟು ಹಾಕುತ್ತೆ. ಸುಮ್ನೆ ಅಭಿಪ್ರಾಯ ಹೇಳೋಕೆ ಎದ್ದಿದ್ರೆ ತಾವೇ ಕೂರ್ತಾರೆ.

ಪುಸ್ತಕದ ಹುಳ:
ರಾಬರ್ಟ್ಸ್ ರೂಲ್ಸ್ ಮೊದಲು ಬಂದಿದ್ದು 1876ರಲ್ಲಿ, ಹೆನ್ರಿ ರಾಬರ್ಟ್ ಅಂತ ಅಮೆರಿಕದ ಸೇನೆಯ ಇಂಜಿನಿಯರ್, ಒಂದು ಸಭೆ ನಡೆಸೋಕೆ ಹೋಗಿ ಕೈಲಾಗದೆ ಮುಜುಗರ ಆಗಿ ಕಲಿಯೋಕೆ ಶುರು ಮಾಡಿದ್ದಂತೆ, ಹಾಗಾಗಿ ಬೇಜಾರು ಮಾಡ್ಕೋಬೇಡಿ. ಈಗಿನ 12ನೇ ಆವೃತ್ತಿ 700 ಪುಟ ದಾಟುತ್ತೆ, ಪೂರ್ತಿ ಓದೋಕೆ ಹೋಗ್ಬೇಡಿ, ಅವರದ್ದೇ ಸಂಕ್ಷಿಪ್ತ ಪುಸ್ತಕ ಇದೆ, ಅದು ಸಾಕು. ನಡಾವಳಿ ಬರೆಯೋವಾಗ ಏನು ತೀರ್ಮಾನ ಆಯ್ತು ಅನ್ನೋದಷ್ಟೇ ಬರೀರಿ, ಯಾರು ಯಾರಿಗೆ ಏನಂದ್ರು ಅಂತ ಬೇಡ.

ಹೊಸ ಕಾರ್ಯದರ್ಶಿ:
ತುಂಬಾ ಥ್ಯಾಂಕ್ಸ್, (ಸರ್ ನಾನು). ಸದಸ್ಯರು ಯಾರು ಅಂತ ಬೈಲಾ ಓದ್ದೆ, ಮಗು ಆ ಸ್ಕೂಲಲ್ಲಿ ಓದ್ತಿರೋವರೆಗೆ ಮಾತ್ರ ಸದಸ್ಯತ್ವ ಅಂತಿದೆ! ಪಟ್ಟಿಲಿ ಸ್ಕೂಲ್ ಬಿಟ್ಟೋದ ಮಕ್ಕಳ ಅಪ್ಪ ಅಮ್ಮಂದಿರೇ 86 ಜನ. ಅವರನ್ನ ತೆಗೆದ್ರೆ ಉಳಿಯೋದು 124, ಕೋರಂ 62. ಅರವತ್ತೆರಡು ಜನಾನ ಕರ್ಕೊಂಡು ಬರಬಹುದು ಅನ್ಸುತ್ತೆ.