ವಾಚನಾಲಯದ ವೈಫೈ: ಫೋನಿನಲ್ಲಿ ಒಟಿಪಿ ಒಪ್ಪಿದರೂ ಇಂಟರ್ನೆಟ್ ಬರುತ್ತಿಲ್ಲ, ಟ್ಯಾಬ್ಲೆಟ್‌ನಲ್ಲಿ ಲಾಗಿನ್ ಪುಟವೇ ತೆರೆಯುತ್ತಿಲ್ಲ

ಪಾವಗಡದ ಓದುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಪಾವಗಡ ತಾಲ್ಲೂಕಿನವನು. ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಗೆಂದು ತುಮಕೂರಿನಲ್ಲಿ ರೂಮು ಮಾಡಿಕೊಂಡು, ಹಗಲೆಲ್ಲ ಒಂದು ಸಾರ್ವಜನಿಕ ವಾಚನಾಲಯದಲ್ಲಿ ಕುಳಿತು ಓದುತ್ತೇನೆ. ಅಲ್ಲಿ ಓದುಗರಿಗೆ ಉಚಿತ ವೈಫೈ ಇದೆ. ಪಾಸ್‌ವರ್ಡ್ ಇಲ್ಲ, ಸೇರಿಕೊಂಡ ಮೇಲೆ ಒಂದು ಪುಟ ತೆರೆದುಕೊಂಡು ಮೊಬೈಲ್ ಸಂಖ್ಯೆ ಕೇಳುತ್ತದೆ, ಬಂದ ಒಟಿಪಿ ಹಾಕಿದರೆ ಸಂಪರ್ಕ ಸಿಗಬೇಕು.

ನನ್ನ ಬಳಿ ಒಂದು ಆಂಡ್ರಾಯ್ಡ್ ಫೋನ್ ಮತ್ತು ಸಿಮ್ ಇಲ್ಲದ ಒಂದು ಆಂಡ್ರಾಯ್ಡ್ ಟ್ಯಾಬ್ಲೆಟ್ ಇವೆ. ಫೋನಿನಲ್ಲಿ ಆ ಪುಟ ಬರುತ್ತದೆ, ಒಟಿಪಿಯನ್ನೂ ಒಪ್ಪಿಕೊಳ್ಳುತ್ತದೆ, ಆದರೆ ಆಮೇಲೆ ಒಂದೇ ಒಂದು ಜಾಲತಾಣವೂ ತೆರೆಯುವುದಿಲ್ಲ. ಟ್ಯಾಬ್ಲೆಟ್‌ನಲ್ಲಿ ಲಾಗಿನ್ ಪುಟವೇ ಕಾಣಿಸುವುದಿಲ್ಲ. ‘ಸಂಪರ್ಕಗೊಂಡಿದೆ, ಇಂಟರ್ನೆಟ್ ಇಲ್ಲ’ ಎಂಬ ಸಾಲು ಮಾತ್ರ ಉಳಿಯುತ್ತದೆ. ಅದೇ ಮೇಜಿನಲ್ಲಿ ಕುಳಿತ ಉಳಿದವರಿಗೆ ವೈಫೈ ಚೆನ್ನಾಗಿಯೇ ಸಿಗುತ್ತಿದೆ, ರೂಮಿನಲ್ಲಿ ಗೆಳೆಯನ ಹಾಟ್‌ಸ್ಪಾಟ್‌ಗೆ ನನ್ನ ಎರಡೂ ಸಾಧನಗಳು ತೊಂದರೆಯಿಲ್ಲದೆ ಸೇರುತ್ತವೆ. ಆಫ್ ಮಾಡಿ ಆನ್ ಮಾಡುವುದು, ಜಾಗ ಬದಲಿಸಿ ಕೂರುವುದು ಎಲ್ಲವೂ ಆಗಿದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಟ್ಯಾಬ್ಲೆಟ್‌ಗೆ ಇಳಿಸಿಕೊಳ್ಳಬೇಕಾಗಿದೆ, ಮೊಬೈಲ್ ಡೇಟಾ ಅದಕ್ಕೆ ಸಾಲುವುದಿಲ್ಲ. ಎಲ್ಲಿಂದ ಪರಿಶೀಲಿಸಲು ಆರಂಭಿಸಬೇಕೆಂದು ತಿಳಿದವರು ದಯವಿಟ್ಟು ಹೇಳಿ.

ಕ್ಯಾತ್ಸಂದ್ರದ ನೆಟ್‌ವರ್ಕ್ ಕೆಲಸಗಾರ

ನಿಮ್ಮ ವಿವರಣೆ ಸ್ಪಷ್ಟವಾಗಿರುವುದರಿಂದ ಒಂದು ಮಾತನ್ನು ಈಗಲೇ ಹೇಳಬಹುದು: ಇವು ಎರಡು ಬೇರೆ ಬೇರೆ ದೋಷಗಳು. ಒಂದಕ್ಕೆ ಮಾಡುವ ಉಪಾಯವನ್ನೇ ಇನ್ನೊಂದಕ್ಕೂ ಮಾಡುತ್ತಾ ಹೋದರೆ ಎರಡೂ ಸರಿಹೋಗುವುದಿಲ್ಲ.

ಲಾಗಿನ್ ಪುಟ ತಾನಾಗಿಯೇ ತೆರೆದುಕೊಳ್ಳುವುದು ಹೇಗೆಂದು ತಿಳಿದರೆ, ಅದು ಎಲ್ಲಿ ತಪ್ಪಿಹೋಗುತ್ತದೆ ಎಂಬುದೂ ತಿಳಿಯುತ್ತದೆ. ವೈಫೈಗೆ ಸೇರಿದ ಕೂಡಲೇ ರೌಟರ್ ನಿಮ್ಮ ಸಾಧನಕ್ಕೆ ಒಂದು ಐಪಿ ವಿಳಾಸ, ಅಂದರೆ ಆ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಕೊಡುತ್ತದೆ. ಆಮೇಲೆ ಆಂಡ್ರಾಯ್ಡ್ ಸಾಧನವು ಗೂಗಲ್‌ನ ಒಂದು ಚಿಕ್ಕ ವಿಳಾಸಕ್ಕೆ, ಆಪಲ್ ಸಾಧನವಾದರೆ ಆಪಲ್‌ನದೇ ವಿಳಾಸಕ್ಕೆ, ಗೂಢಲಿಪಿ ಇಲ್ಲದ ಸಾದಾ ಎಚ್‌ಟಿಟಿಪಿಯಲ್ಲಿ ಒಂದು ಕೋರಿಕೆ ಕಳುಹಿಸುತ್ತದೆ. ನಿಜವಾದ ಇಂಟರ್ನೆಟ್ ಇದ್ದರೆ ಆಂಡ್ರಾಯ್ಡ್‌ಗೆ 204 ಎಂಬ ಖಾಲಿ ಉತ್ತರ ಬರುತ್ತದೆ. ಲಾಗಿನ್ ಆಗದವರ ಕೋರಿಕೆಯನ್ನು ವೈಫೈ ನಡುದಾರಿಯಲ್ಲೇ ಹಿಡಿದು ಬೇರೆ ಉತ್ತರ ಕೊಡುತ್ತದೆ. ಆ ವ್ಯತ್ಯಾಸವನ್ನು ನೋಡಿಯೇ ಫೋನು ‘ನೆಟ್‌ವರ್ಕ್‌ಗೆ ಸೈನ್ ಇನ್ ಮಾಡಿ’ ಎಂದು ಸೂಚಿಸುತ್ತದೆ. ಹಾಗಾಗಿ ನಿಮ್ಮ ಫೋನು ಈ ಹಂತವನ್ನೆಲ್ಲ ದಾಟಿ ಆಮೇಲೆ ನಿಂತಿದೆ, ಟ್ಯಾಬ್ಲೆಟ್ ಈ ಹಂತಕ್ಕೇ ಬಂದಿಲ್ಲ.

ಎರಡು ವಿಷಯ ನೋಡಿ ಹೇಳಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಖಾಸಗಿ ಡಿಎನ್‌ಎಸ್’ ಎಂಬ ಆಯ್ಕೆಯಲ್ಲಿ ಏನಿದೆ? ಎರಡೂ ಸಾಧನಗಳು ಆ ವೈಫೈಯಲ್ಲಿ ಇರುವಾಗ, ನೆಟ್‌ವರ್ಕ್ ಹೆಸರಿನ ಪಕ್ಕದ ಗುರುತನ್ನು ಒತ್ತಿದರೆ ಕಾಣುವ ಐಪಿ ವಿಳಾಸ ಮತ್ತು ಗೇಟ್‌ವೇ (ಹೊರಗಿನ ಇಂಟರ್ನೆಟ್‌ಗೆ ದಾರಿಯಾಗುವ ರೌಟರ್‌ನ ವಿಳಾಸ) ಏನು?

ತಿಪಟೂರಿನ ಶಿಕ್ಷಕಿ

ಮೇಲಿನವರು ಕೇಳಿದ್ದನ್ನು ನೋಡುವಾಗ ಫೋನಿನ ಮೊಬೈಲ್ ಡೇಟಾವನ್ನು ಆಫ್ ಮಾಡಿಡಿ. ವೈಫೈಯಲ್ಲಿ ಇಂಟರ್ನೆಟ್ ಇಲ್ಲವೆಂದು ಗೊತ್ತಾದೊಡನೆ ಫೋನು ಸದ್ದಿಲ್ಲದೆ ಡೇಟಾಗೆ ಹೊರಳಿಕೊಳ್ಳುತ್ತದೆ, ಆಗ ನೀವು ಪರೀಕ್ಷಿಸುತ್ತಿರುವುದು ವೈಫೈಯನ್ನೋ ಡೇಟಾವನ್ನೋ ತಿಳಿಯುವುದಿಲ್ಲ. ಡೇಟಾ ಆಫ್ ಮಾಡಿದರೂ ಒಟಿಪಿಯ ಎಸ್‌ಎಂಎಸ್ ಬರುತ್ತದೆ. ಏರೋಪ್ಲೇನ್ ಮೋಡ್ ಹಾಕಿದರೆ ಮಾತ್ರ ಬರುವುದಿಲ್ಲ. ವಿಪಿಎನ್ ಆ್ಯಪ್ ಇದ್ದರೆ ಲಾಗಿನ್ ಮುಗಿಯುವವರೆಗೆ ಅದನ್ನೂ ನಿಲ್ಲಿಸಬೇಕು. ಸಾಧನದ ದಿನಾಂಕ ಮತ್ತು ಸಮಯ ಸರಿಯಿದೆಯೇ ಎಂದೂ ನೋಡಿ. ಬ್ಯಾಟರಿ ಪೂರ್ತಿ ಬರಿದಾಗಿ ಬಹಳ ಕಾಲ ಮೂಲೆಯಲ್ಲಿದ್ದ, ಸಿಮ್ ಇಲ್ಲದ ಟ್ಯಾಬ್ಲೆಟ್‌ಗಳಲ್ಲಿ ದಿನಾಂಕ ಹಿಂದೆ ಹೋಗಿರುವುದುಂಟು. ಆಗ ಸುರಕ್ಷಿತ ಪುಟಗಳೆಲ್ಲ ಪ್ರಮಾಣಪತ್ರ ಸರಿಯಿಲ್ಲವೆಂದು ನಿರಾಕರಿಸುತ್ತವೆ.

ಟ್ಯಾಬ್ಲೆಟ್‌ಗೆ ಸಿಮ್ ಬೇಕಿಲ್ಲ. ಅದರಲ್ಲಿ ಫೋನಿನ ಸಂಖ್ಯೆಯನ್ನೇ ಕೊಟ್ಟು, ಫೋನಿಗೆ ಬಂದ ಒಟಿಪಿಯನ್ನು ಟ್ಯಾಬ್ಲೆಟ್‌ನಲ್ಲಿ ಹಾಕಿದರಾಯಿತು. ಒಂದು ಸಂಖ್ಯೆಗೆ ಒಂದೇ ಸಾಧನ ಎಂಬ ಮಿತಿ ಇಡುವ ಕಡೆಗಳೂ ಇವೆ; ಅಂಥಲ್ಲಿ ಮೊದಲು ಫೋನಿನಿಂದ ಲಾಗ್‌ಔಟ್ ಆಗಬೇಕು.

ಪಾವಗಡದ ಓದುಗ

ಇಬ್ಬರಿಗೂ ಧನ್ಯವಾದಗಳು. ದಿನಾಂಕ ಸರಿಯಿದೆ, ವಿಪಿಎನ್ ಇಲ್ಲ. ಫೋನಿನ ಖಾಸಗಿ ಡಿಎನ್‌ಎಸ್‌ನಲ್ಲಿ ಜಾಹೀರಾತು ತಡೆಯುವ ಒಂದು ಸೇವೆಯ ಹೆಸರನ್ನು ನಮೂದಿಸಲಾಗಿದೆ. ವೈಫೈ ಹೆಸರಿನ ಕೆಳಗೆ ‘ಖಾಸಗಿ ಡಿಎನ್‌ಎಸ್ ಸರ್ವರ್ ಅನ್ನು ಪ್ರವೇಶಿಸಲು ಸಾಧ್ಯವಿಲ್ಲ’ ಎಂದೂ ಇದೆ. ಫೋನಿನ ಐಪಿ 10ರಿಂದ ಆರಂಭವಾಗುತ್ತದೆ, ಗೇಟ್‌ವೇಯೂ ಹಾಗೆಯೇ. ಟ್ಯಾಬ್ಲೆಟ್‌ನಲ್ಲಿ ಮಾತ್ರ ಐಪಿ 192.168.1.128, ಗೇಟ್‌ವೇ 192.168.1.1 ಎಂದಿದೆ. ವಾಚನಾಲಯದಲ್ಲಿ ಪರಿಚಯವಾದ ಒಬ್ಬರು ವಿಡಿಯೊ ನೋಡಿ ವೇಗ ಹೆಚ್ಚುತ್ತದೆಂದು ಅದರಲ್ಲಿ ಏನೋ ಬದಲಿಸಿದ್ದರು.

ಕ್ಯಾತ್ಸಂದ್ರದ ನೆಟ್‌ವರ್ಕ್ ಕೆಲಸಗಾರ

ಎರಡಕ್ಕೂ ಕಾರಣ ಸಿಕ್ಕಿತು.

ಟ್ಯಾಬ್ಲೆಟ್‌ನಲ್ಲಿ ಐಪಿ ಸೆಟ್ಟಿಂಗನ್ನು ‘ಡಿಎಚ್‌ಸಿಪಿ’ಯಿಂದ (ರೌಟರೇ ವಿಳಾಸ ಕೊಡುವ ಕ್ರಮ) ‘ಸ್ಥಿರ’ಕ್ಕೆ (ನಾವೇ ವಿಳಾಸ ತುಂಬುವ ಕ್ರಮ) ಬದಲಿಸಿದ್ದಾರೆ. ಹಾಗೆ ಬದಲಿಸಿದಾಗ ಆಂಡ್ರಾಯ್ಡ್ ತೋರಿಸುವ ಖಾಲಿ ಜಾಗಗಳಲ್ಲಿ ಮಸುಕಾದ ಅಕ್ಷರದಲ್ಲಿ 192.168.1.128, 192.168.1.1, 8.8.8.8 ಎಂದು ಮಾದರಿಗಾಗಿ ಬರೆದಿರುತ್ತದೆ. ಅದನ್ನೇ ನೋಡಿಕೊಂಡು ತುಂಬಿದ್ದಾರೆ. ಮನೆಯ ರೌಟರ್‌ಗಳಲ್ಲಿ ಇವು ಹೊಂದಿಕೊಳ್ಳಬಹುದು. ವಾಚನಾಲಯದ ಜಾಲದ ವಿಳಾಸಗಳು 10ರಿಂದ ಆರಂಭವಾಗುವುದರಿಂದ ಅಲ್ಲಿ 192.168.1.1 ಎಂಬ ಗೇಟ್‌ವೇ ಇಲ್ಲವೇ ಇಲ್ಲ. ಬೀದಿಯೇ ಇಲ್ಲದ ವಿಳಾಸ ಬರೆದ ಅಂಚೆಯಂತೆ ಟ್ಯಾಬ್ಲೆಟ್‌ನ ಕೋರಿಕೆ ಎಲ್ಲಿಗೂ ತಲುಪುತ್ತಿಲ್ಲ, ತಲುಪದ್ದನ್ನು ಹಿಡಿದು ಲಾಗಿನ್ ಪುಟ ತೋರಿಸಲು ವೈಫೈಗೂ ಸಾಧ್ಯವಿಲ್ಲ. ಈ ಸೆಟ್ಟಿಂಗ್ ಒಂದೊಂದು ವೈಫೈ ಹೆಸರಿಗೂ ಪ್ರತ್ಯೇಕವಾಗಿರುವುದರಿಂದಲೇ ಗೆಳೆಯನ ಹಾಟ್‌ಸ್ಪಾಟ್‌ನಲ್ಲಿ ತೊಂದರೆ ಕಾಣಲಿಲ್ಲ. ಆ ನೆಟ್‌ವರ್ಕನ್ನು ‘ಮರೆತುಬಿಡಿ’ ಎಂದು ಕೊಟ್ಟು ಹೊಸದಾಗಿ ಸೇರಿಕೊಳ್ಳಿ, ಡಿಎಚ್‌ಸಿಪಿ ತಾನಾಗಿಯೇ ಮರಳುತ್ತದೆ. ಇಂಥ ವಿಡಿಯೊಗಳ ಬಗ್ಗೆ ನನಗೆ ನಿಜಕ್ಕೂ ಬೇಸರವಿದೆ: ಸಾರ್ವಜನಿಕ ಜಾಲದಲ್ಲಿ ಯಾರೋ ಒಬ್ಬರು ಮನಸ್ಸಿಗೆ ಬಂದ ವಿಳಾಸ ಹಾಕಿಕೊಂಡು ಅದು ಆಕಸ್ಮಿಕವಾಗಿ ಇನ್ನೊಬ್ಬರದಕ್ಕೆ ಹೊಂದಿಬಿಟ್ಟರೆ, ತಪ್ಪೇನೂ ಮಾಡದ ಆ ಇನ್ನೊಬ್ಬರ ಸಂಪರ್ಕವೂ ಕೆಡುತ್ತದೆ.

ಇನ್ನು ಫೋನು. ಖಾಸಗಿ ಡಿಎನ್‌ಎಸ್ ಎಂಬುದು 2018ರ ಆಂಡ್ರಾಯ್ಡ್ 9ರಿಂದ ಬಂದ ಒಳ್ಳೆಯ ಸೌಲಭ್ಯವೇ. ಜಾಲತಾಣದ ಹೆಸರನ್ನು ಐಪಿ ವಿಳಾಸವಾಗಿಸುವ ವಿಚಾರಣೆಯನ್ನು ಅದು ಗೂಢಲಿಪಿಯಲ್ಲಿ, 853ನೇ ಪೋರ್ಟ್ (ಸಂಪರ್ಕಕ್ಕೆ ಬಾಗಿಲಿನಂತಿರುವ ಸಂಖ್ಯೆ) ಮೂಲಕ ನಡೆಸುತ್ತದೆ. ಆದರೆ ನಿರ್ದಿಷ್ಟ ಸೇವೆಯ ಹೆಸರು ಹಾಕಿದ್ದರೆ ಫೋನು ಅದನ್ನು ಬಿಟ್ಟು ಬೇರೆ ಯಾರನ್ನೂ ಕೇಳುವುದಿಲ್ಲ. ಆ ವೈಫೈಯಲ್ಲಿ 853ನೇ ಪೋರ್ಟನ್ನು ಮುಚ್ಚಿರುವ ಹಾಗಿದೆ. ಹೀಗಾಗಿ ಲಾಗಿನ್ ಸರಿಯಾಗಿ ಆಗಿಯೂ ಒಂದು ಹೆಸರಿಗೂ ವಿಳಾಸ ಸಿಗುತ್ತಿಲ್ಲ. ‘ಸ್ವಯಂಚಾಲಿತ’ ಎಂದು ಇಡಿ. ಆಗ ಫೋನು ಗೂಢಲಿಪಿ ಸಾಧ್ಯವಿರುವ ಕಡೆ ಅದನ್ನು ಬಳಸುತ್ತದೆ, ಇಲ್ಲದ ಕಡೆ ಸಾದಾ ಡಿಎನ್‌ಎಸ್‌ಗೆ ಇಳಿಯುತ್ತದೆ.

ಇಷ್ಟಾದ ಮೇಲೂ ಟ್ಯಾಬ್ಲೆಟ್‌ನಲ್ಲಿ ಪುಟ ತಾನಾಗಿ ಬಾರದಿದ್ದರೆ, ಬ್ರೌಸರ್‌ನಲ್ಲಿ ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಎಂಬ ತಾಣವನ್ನು ತೆರೆಯಿರಿ. ಅದು ಬೇಕೆಂದೇ ಸಾದಾ ಎಚ್‌ಟಿಟಿಪಿಯಲ್ಲಿರುವ ಪುಟವಾದ್ದರಿಂದ ವೈಫೈ ಅದನ್ನು ಹಿಡಿದು ಲಾಗಿನ್ ಪುಟಕ್ಕೆ ತಿರುಗಿಸಬಲ್ಲದು. ಬ್ಯಾಂಕಿನದೋ ಇಮೇಲಿನದೋ ಸುರಕ್ಷಿತ ಪುಟವನ್ನು ಹಾಗೆ ತಿರುಗಿಸಲಾಗುವುದಿಲ್ಲ.

ಪಾವಗಡದ ಓದುಗ

ಎರಡೂ ಸರಿಹೋದವು. ನೆಟ್‌ವರ್ಕನ್ನು ಮರೆಸಿ ಮತ್ತೆ ಸೇರಿದೊಡನೆ ಟ್ಯಾಬ್ಲೆಟ್‌ಗೂ 10ರ ವಿಳಾಸವೇ ಬಂದು ಲಾಗಿನ್ ಪುಟ ತೆರೆಯಿತು, ಪ್ರಶ್ನೆಪತ್ರಿಕೆಗಳು ಇಳಿಯುತ್ತಿವೆ. ತುಂಬ ಉಪಕಾರವಾಯಿತು. ಇನ್ನೊಂದು ಸಂದೇಹ: ಇಲ್ಲಿನ ನಿಯಮದಂತೆ ಒಮ್ಮೆ ಲಾಗಿನ್ ಆದರೆ ವಾರದವರೆಗೆ ಕೇಳಬಾರದು. ಪಕ್ಕದವರೊಬ್ಬರ ಐಫೋನ್‌ನಲ್ಲಿ ಆಗಾಗ ಮತ್ತೆ ಒಟಿಪಿ ಕೇಳುತ್ತದೆ. ಅದಕ್ಕೇನು ಕಾರಣ?

ತಿಪಟೂರಿನ ಶಿಕ್ಷಕಿ

ಅದಕ್ಕೆ ಉತ್ತರ ಬರುವ ಮುನ್ನ ಒಂದು ಎಚ್ಚರಿಕೆ. ಪಾಸ್‌ವರ್ಡ್ ಇಲ್ಲದ ವೈಫೈಯ ಹೆಸರನ್ನು ಯಾರು ಬೇಕಾದರೂ ತಮ್ಮ ಹಾಟ್‌ಸ್ಪಾಟ್‌ಗೆ ಇಟ್ಟುಕೊಳ್ಳಬಹುದು. ಲಾಗಿನ್ ಪುಟಕ್ಕೆ ಮೊಬೈಲ್ ಸಂಖ್ಯೆ ಮತ್ತು ಒಟಿಪಿ ಸಾಕು. ಯುಪಿಐ ಪಿನ್ ಅಥವಾ ಕಾರ್ಡಿನ ಸಂಖ್ಯೆ ಕೇಳಿದರೆ ಕೂಡಲೇ ಹೊರಬನ್ನಿ. ಬಂದ ಎಸ್‌ಎಂಎಸ್ ಅನ್ನು ಪೂರ್ತಿ ಓದಿ, ಅದು ವೈಫೈಗೆ ಸಂಬಂಧಿಸಿದ್ದೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ಒಟಿಪಿ ನಮೂದಿಸಿ.

ಕ್ಯಾತ್ಸಂದ್ರದ ನೆಟ್‌ವರ್ಕ್ ಕೆಲಸಗಾರ

ಲಾಗಿನ್ ಆದವರನ್ನು ವೈಫೈ ನೆನಪಿಟ್ಟುಕೊಳ್ಳುವುದು ಸಾಮಾನ್ಯವಾಗಿ ಸಾಧನದ ಮ್ಯಾಕ್ ವಿಳಾಸದಿಂದ, ಅಂದರೆ ವೈಫೈಗೆ ಸೇರುವಾಗ ಸಾಧನವು ತೋರಿಸುವ ಗುರುತು ಸಂಖ್ಯೆಯಿಂದ. ಜನರ ಓಡಾಟವನ್ನು ಆ ವಿಳಾಸದ ಮೂಲಕ ಹಿಂಬಾಲಿಸಬಾರದೆಂದು 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದ ಫೋನುಗಳು ಪ್ರತಿ ವೈಫೈಗೂ ಒಂದು ಕೃತಕ ವಿಳಾಸವನ್ನು ಕೊಡುತ್ತವೆ. ಹೊಸ ಐಒಎಸ್‌ನಲ್ಲಿ ಮುಕ್ತ ನೆಟ್‌ವರ್ಕ್‌ಗಳಿಗೆ ಆ ಕೃತಕ ವಿಳಾಸವೂ ಆಗಾಗ ಬದಲಾಗುತ್ತದೆ. ಬದಲಾದಾಗ ವೈಫೈಗೆ ಅದು ಹೊಸ ಫೋನಿನಂತೆಯೇ ಕಾಣುತ್ತದೆ. ಅವರು ಆ ವೈಫೈಯ ವಿವರ ತೆರೆದು ‘ಖಾಸಗಿ ವೈಫೈ ವಿಳಾಸ’ ಎಂಬಲ್ಲಿ ಬದಲಾಗುವುದರ ಬದಲು ಸ್ಥಿರವಾದುದನ್ನು ಆರಿಸಿಕೊಳ್ಳಲಿ. ಆ ಆಯ್ಕೆಯನ್ನು ಪೂರ್ತಿ ಆಫ್ ಮಾಡುವ ಅಗತ್ಯವಿಲ್ಲ, ಆಫ್ ಮಾಡಿದರೆ ಫೋನಿನ ನಿಜವಾದ ವಿಳಾಸವೇ ಹೊರಗೆ ಕಾಣುತ್ತದೆ. ಬದಲಿಸಿದ ದಿನ ಒಮ್ಮೆ ಮತ್ತೆ ಒಟಿಪಿ ಕೇಳುತ್ತದೆ.